ಚಿಕ್ಕ ನಾಯಿಗೆ ಹಗ್ಗದ ಪಾಠ



ಕೃಷಿ ಮತ್ತು ಆರೋಗ್ಯದ ಈ ಪುಟದಲ್ಲಿ ಅಡಿಕೆಯ ಕೊಳೆರೋಗ, ಹಸುವಿನ ಕೆಚ್ಚಲು ಬಾವು, ಬಾವಿ ನೀರಿನ ಶುದ್ಧಿ ಮೊದಲಾದವುಗಳಿಗೆ ಜಾಗ ಸಿಗುವುದು ವಾಡಿಕೆ. ಈ ಸಲ ಮನೆಯ ನಾಯಿಯ ಬಗ್ಗೆ, ಅದರಲ್ಲಿಯೂ ಚಿಕ್ಕ ಜಾತಿಯ ನಾಯಿಯನ್ನು ಹಗ್ಗ ಹಿಡಿದು ನಡೆಸಲು ಕಲಿಸುವ ಬಗ್ಗೆ ಬರೆಯುತ್ತಿದ್ದೇವೆ. ಇದು ಪೇಟೆಯವರ ಶೋಕಿಯ ವಿಷಯವಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಹಾಗಲ್ಲ, ಇದು ಮನೆಯವರೆಲ್ಲರ ಆರೋಗ್ಯಕ್ಕೆ ಸೇರಿದ ವಿಷಯ. ದಯವಿಟ್ಟು ಕೊನೆಯ ತನಕ ಓದಿರಿ.

ಹಗ್ಗದ ಪಾಠ ಯಾಕೆ?

ನಮ್ಮ ಕಡೆಯ ಕೃಷಿಕರ ಮನೆಗಳಲ್ಲಿ ನಾಯಿಗಳ ಬದುಕು ಎರಡು ಬಗೆ. ಕೆಲವು ಹಗಲು ರಾತ್ರಿ ಬಿಟ್ಟುಕೊಂಡೇ ಇರುತ್ತವೆ. ಇನ್ನು ಕೆಲವು ಹುಟ್ಟಿದ ಮೇಲೆ ಚೈನು ಬಿಚ್ಚಿದ್ದನ್ನೇ ಕಂಡಿಲ್ಲ. ಹಿಂದೆ ತೋಟ ಕಾಯಲು ಊರ ನಾಯಿ ಸಾಕುವುದು ಕ್ರಮವಾಗಿತ್ತು. ಈಗ ಮಕ್ಕಳ ಆಸೆಗೆಂದು ಪಮೇರಿಯನ್, ಡ್ಯಾಶ್‌ಹಂಡ್, ಪಗ್, ಶಿಟ್ಜು ಮುಂತಾದ ಚಿಕ್ಕ ನಾಯಿಗಳು ಬಂದಿವೆ. ತಂದ ಮಕ್ಕಳು ಓದಿಗೆಂದು ಮಂಗಳೂರಿಗೋ, ಕೆಲಸಕ್ಕೆಂದು ಗಲ್ಫಿಗೋ ಹೋಗುತ್ತಾರೆ. ನಾಯಿ ಅಜ್ಜ ಅಜ್ಜಿಯರ ಪಾಲಿಗೆ ಉಳಿಯುತ್ತದೆ.

ಆ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದೀರಾ ಎಂದು ಮನೆ ಭೇಟಿಯ ವೇಳೆ ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಫಾದರ್, ಅದನ್ನು ಹಿಡಿದುಕೊಂಡು ಹೋಗುವವರು ಯಾರು?" ಖರ್ಚು ದೊಡ್ಡದಲ್ಲ, ಆಸ್ಪತ್ರೆ ದೂರವಿಲ್ಲ, ಮನಸ್ಸೂ ಇದೆ. ಆದರೆ ಹಗ್ಗ ಕಟ್ಟಿದರೆ ನಾಯಿ ನೆಲಕ್ಕೆ ಅಂಟಿ ಕೂರುತ್ತದೆ, ಎತ್ತಿಕೊಂಡರೆ ಪರಚುತ್ತದೆ, ರಿಕ್ಷಾದಲ್ಲಿ ಕೂರಿಸಿದರೆ ಹಾರುತ್ತದೆ. ಹೀಗೆ ವರ್ಷಗಳು ಕಳೆದುಹೋಗುತ್ತವೆ. ನಾವು ಈ ಪಾಠಕ್ಕೆ ಕೈಹಾಕಿದ್ದು ಮುಖ್ಯವಾಗಿ ಈ ಕಾರಣದಿಂದ. ಹಗ್ಗಕ್ಕೆ ಪಳಗಿದ ನಾಯಿಯನ್ನು ಲಸಿಕೆಗೆ ಕೊಂಡುಹೋಗುವುದು ಸುಲಭ. ಪಳಗದ ನಾಯಿಯ ಲಸಿಕೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಬೇರೆ ಕಾರಣಗಳೂ ಇವೆ. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಬಸ್ಸು, ಲಾರಿ, ಬೈಕುಗಳ ಓಡಾಟ ಹೆಚ್ಚು. ನಾಯಿ ಅಡ್ಡ ಬಂದರೆ ಬೀಳುವುದು ಬೈಕಿನವನು. ಭಾನುವಾರ ಮನೆಯವರ ಹಿಂದೆಯೇ ಇಗರ್ಜಿಗೆ ಹೊರಟು ರಸ್ತೆ ದಾಟುವ ನಾಯಿಗಳನ್ನು ನಾವೆಲ್ಲ ನೋಡುತ್ತೇವೆ. ಬಿಟ್ಟ ನಾಯಿ ಬೀದಿನಾಯಿಗಳೊಂದಿಗೆ ಕಚ್ಚಾಡಿ ರೋಗ ತರಬಹುದು. ಸದಾ ಕಟ್ಟಿದ ನಾಯಿಯೂ ಕ್ಷೇಮವಲ್ಲ. ಹೊರಗಿನ ಜನ, ದನ, ವಾಹನಗಳ ಪರಿಚಯವಿಲ್ಲದ ನಾಯಿ ಹೆದರುತ್ತದೆ, ಹೆದರಿದ ನಾಯಿ ಕಚ್ಚುತ್ತದೆ.

ಬೇಕಾದ ಸಾಮಗ್ರಿ

ಮೊದಲನೆಯದು ಎದೆಪಟ್ಟಿ. ಅಂಗಡಿಯಲ್ಲಿ ಬಾಡಿ ಬೆಲ್ಟ್ ಅಥವಾ ಹಾರ್ನೆಸ್ ಎಂದು ಕೇಳಿದರೆ ಕೊಡುತ್ತಾರೆ. ಕೊರಳಿಗೆ ಕಟ್ಟುವ ಬೆಲ್ಟು ಸಾಲದೇ ಎಂದರೆ, ಚಿಕ್ಕ ನಾಯಿಗೆ ಅದು ಒಳ್ಳೆಯದಲ್ಲ. ಪಮೇರಿಯನ್ನಿನಂಥ ನಾಯಿಗಳಲ್ಲಿ ಶ್ವಾಸನಾಳದ ಉಂಗುರಗಳು ದುರ್ಬಲವಾಗಿ ಒಳಕ್ಕೆ ಕುಸಿಯುವ ಕಾಯಿಲೆ ಹೆಚ್ಚು. ಹಗ್ಗ ಎಳೆದಾಗ ಕೊರಳು ಬಿಗಿದರೆ ಅಂಥ ನಾಯಿ ಬಾತುಕೋಳಿ ಕೂಗಿದಂತೆ ಕೆಮ್ಮತೊಡಗುತ್ತದೆ. ಮೂತಿ ಚಪ್ಪಟೆಯಾದ ಪಗ್ ನಾಯಿಗೆ ಮೊದಲೇ ಉಸಿರಾಟ ಕಷ್ಟ. ಎದೆಪಟ್ಟಿ ಕಟ್ಟಿದರೆ ಎಳೆತದ ಭಾರ ಎದೆಯ ಮೇಲೆ ಹಂಚಿಹೋಗುತ್ತದೆ, ಕೊರಳು ಉಳಿಯುತ್ತದೆ. ಹೆಸರು, ಫೋನ್ ನಂಬರು ಬರೆದ ಬಿಲ್ಲೆಗಾಗಿ ಕೊರಳ ಬೆಲ್ಟು ಇರಲಿ. ಹಗ್ಗ ಮಾತ್ರ ಎದೆಪಟ್ಟಿಗೇ ಸಿಕ್ಕಿಸಿ.

ಅಳತೆ ತೆಗೆಯುವುದು ಹೀಗೆ: ಮುಂಗಾಲುಗಳ ಹಿಂದೆ, ಎದೆ ಅತಿ ದಪ್ಪವಿರುವಲ್ಲಿ, ಸುತ್ತಲೂ ದರ್ಜಿಯ ಟೇಪು ಹಿಡಿಯಿರಿ. ಕೊರಳಿನ ಬುಡದ ಸುತ್ತಳತೆಯನ್ನೂ ಬರೆದುಕೊಳ್ಳಿ. ಪಟ್ಟಿ ಕಟ್ಟಿದ ಮೇಲೆ ಅದರ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು. ಅದಕ್ಕಿಂತ ಬಿಗಿಯಾದರೆ ಕಂಕುಳು ಉಜ್ಜಿ ಹುಣ್ಣಾಗುತ್ತದೆ, ಹೆಚ್ಚು ಸಡಿಲವಾದರೆ ನಾಯಿ ಹಿಂದಕ್ಕೆ ಸರಿದು ತಲೆ ಜಾರಿಸಿಕೊಳ್ಳುತ್ತದೆ. ಎದೆಯ ಮೇಲೆ ಅಡ್ಡವಾಗಿ ಬರುವ ಪಟ್ಟಿಗಿಂತ, ಕೊರಳ ಬುಡದಿಂದ ಇಳಿದು ಮುಂಗಾಲುಗಳ ನಡುವೆ ಹಾದುಹೋಗುವ ಪಟ್ಟಿ ಮೇಲು. ಕಾಲು ಚಾಚಲು ಅದು ಅಡ್ಡಿಯಾಗುವುದಿಲ್ಲ. ಬೆಳೆಯುವ ಮರಿಗೆ ಎರಡು ವಾರಕ್ಕೊಮ್ಮೆ ಅಳತೆ ನೋಡಿ.

ಎರಡನೆಯದು ನಾಲ್ಕರಿಂದ ಆರು ಅಡಿ ಉದ್ದದ ಹಗುರವಾದ ಹಗ್ಗ ಅಥವಾ ಪಟ್ಟಿ. ಹಟ್ಟಿಯಲ್ಲಿರುವ ತೆಂಗಿನ ನಾರಿನ ಹಗ್ಗ ಬೇಡ, ಅದು ಒರಟು. ತೆಳ್ಳನೆಯ ನೈಲಾನ್ ಹಗ್ಗ ಕೈಯನ್ನು ಕೊಯ್ಯುತ್ತದೆ. ಕಬ್ಬಿಣದ ಚೈನು ಚಿಕ್ಕ ನಾಯಿಯ ಬೆನ್ನಿಗೆ ಭಾರ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗವೂ ಮಾರಾಟಕ್ಕಿದೆ. ರಸ್ತೆಯ ಬದಿಯಲ್ಲಿ ಅದು ಅಪಾಯಕಾರಿ, ನಾಯಿ ಕ್ಷಣದಲ್ಲಿ ನಡುರಸ್ತೆಗೆ ತಲುಪುತ್ತದೆ.

ಮೂರನೆಯದು ಬಹುಮಾನ. ಬೇಯಿಸಿದ ಕೋಳಿಯ ಲಿವರ್ ಅಥವಾ ಮೊಟ್ಟೆಯನ್ನು ಕಡಲೆಕಾಳಿನಷ್ಟು ಸಣ್ಣ ತುಂಡು ಮಾಡಿಟ್ಟುಕೊಳ್ಳಿ. ಉಪ್ಪು, ಖಾರ, ಈರುಳ್ಳಿ ಹಾಕಿದ ಪದಾರ್ಥದ ತುಂಡು ಬೇಡ. ಚಾಕಲೇಟು ಮತ್ತು ದ್ರಾಕ್ಷಿ ನಾಯಿಗೆ ವಿಷ.

ನಾಯಿ ಕಲಿಯುವ ರೀತಿ

ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ 1904ರಲ್ಲಿ ಜೀರ್ಣಕ್ರಿಯೆಯ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದವರು. ನಾಯಿಗಳ ಜೊಲ್ಲನ್ನು ಅಳೆಯುತ್ತಿದ್ದಾಗ ಅವರೊಂದು ಸಂಗತಿ ಕಂಡುಕೊಂಡರು. ಊಟಕ್ಕೆ ಮೊದಲು ಪ್ರತಿಸಲ ಒಂದು ಶಬ್ದ ಕೇಳಿಸಿದರೆ, ಕೆಲವು ದಿನಗಳ ಮೇಲೆ ಊಟವಿಲ್ಲದೆ ಆ ಶಬ್ದಕ್ಕೇ ಜೊಲ್ಲು ಸುರಿಯುತ್ತದೆ. ಎದೆಪಟ್ಟಿಗೂ ಇದೇ ನ್ಯಾಯ. ಪಟ್ಟಿ ಕಂಡಾಗಲೆಲ್ಲ ಒಳ್ಳೆಯ ತಿನಿಸು ಸಿಕ್ಕಿದರೆ ನಾಯಿ ಪಟ್ಟಿಯನ್ನು ಪ್ರೀತಿಸುತ್ತದೆ. ಪಟ್ಟಿ ಕಂಡಾಗಲೆಲ್ಲ ಸೂಜಿ, ಪೆಟ್ಟು, ಎಳೆದಾಟವಾದರೆ ಮಂಚದ ಅಡಿಗೆ ಓಡುತ್ತದೆ.

ಅದೇ ಕಾಲದಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪಂಜರದಲ್ಲಿಟ್ಟು ಪರೀಕ್ಷಿಸಿ ಇನ್ನೊಂದು ಮಾತು ಹೇಳಿದರು: ಯಾವ ಕೆಲಸದಿಂದ ಲಾಭವಾಯಿತೋ ಅದನ್ನೇ ಪ್ರಾಣಿ ಮತ್ತೆ ಮಾಡುತ್ತದೆ. ನಾಯಿ ಹಗ್ಗ ಎಳೆಯುತ್ತದೆ, ನಾವು ಅದರ ಹಿಂದೆ ಓಡುತ್ತೇವೆ, ಅದು ಮೂಸಬೇಕೆಂದಿದ್ದ ಬೇಲಿಗೆ ತಲುಪುತ್ತದೆ. ಎಳೆದರೆ ಕೆಲಸವಾಗುತ್ತದೆ ಎಂಬ ಪಾಠವನ್ನು ಹೀಗೆ ನಾವೇ ಕಲಿಸುತ್ತಿರುತ್ತೇವೆ.

ಕರುವನ್ನು ಕಣ್ಣಿಗೆ ಪಳಗಿಸಿದವರಿಗೆ ಇದು ಹೊಸದಲ್ಲ. ತಿಳಿದವರು ಮೊದಲ ದಿನವೇ ಕರುವನ್ನು ದರದರ ಎಳೆಯುವುದಿಲ್ಲ. ಹಿಡಿ ಹುಲ್ಲು ತೋರಿಸಿ, ಬೆನ್ನು ತಡವಿ, ಅದು ಒಂದು ಹೆಜ್ಜೆ ಇಟ್ಟ ಕೂಡಲೆ ಹಗ್ಗ ಸಡಿಲ ಬಿಡುತ್ತಾರೆ. ಆ ಸಡಿಲವೇ ಕರುವಿಗೆ ಸಿಗುವ ಬಹುಮಾನ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯಿದೆ. ಮರಿಯಲ್ಲೇ ಕಲಿಸಿದರೆ ಸುಲಭವೆಂಬುದು ನಿಜ. ಆದರೆ ದೊಡ್ಡ ನಾಯಿಯೂ ಕಲಿಯುತ್ತದೆ, ಸಮಯ ಸ್ವಲ್ಪ ಹೆಚ್ಚು ಬೇಕು ಅಷ್ಟೆ.

ನಾಲ್ಕು ವಾರಗಳ ಪಾಠ

ದಿನಕ್ಕೆ ಎರಡು ಮೂರು ಸಲ, ಪ್ರತಿಸಲ ಐದು ನಿಮಿಷ ಸಾಕು. ಊಟಕ್ಕೆ ಮೊದಲು, ಹಸಿವಿರುವಾಗ ಮಾಡಿ. ಪಾಠ ಮನೆಯವರಲ್ಲಿ ಒಬ್ಬರೇ ಆರಂಭಿಸಲಿ. ಮಾತು ಎಲ್ಲರದೂ ಒಂದೇ ಇರಲಿ. ಒಬ್ಬರು "ಬಾ" ಎಂದು, ಇನ್ನೊಬ್ಬರು ಬೇರೆ ಭಾಷೆಯಲ್ಲಿ ಕರೆದರೆ ಅದಕ್ಕೆ ಗೊಂದಲ.

ಮೊದಲನೆಯ ವಾರ: ಎದೆಪಟ್ಟಿಯನ್ನು ನೆಲದ ಮೇಲಿಟ್ಟು ಸುತ್ತ ತಿನಿಸು ಹಾಕಿ. ನಾಯಿ ಮೂಸಲಿ. ಎರಡು ದಿನ ಇಷ್ಟೇ. ಮೂರನೆಯ ದಿನ ಪಟ್ಟಿಯ ಕೊರಳ ಭಾಗವನ್ನು ಬಳೆಯಂತೆ ಹಿಡಿದು, ಅದರ ಆಚೆ ತಿನಿಸು ತೋರಿಸಿ. ತಿನಿಸಿಗಾಗಿ ನಾಯಿ ತಾನೇ ತಲೆ ತೂರಿಸಬೇಕು, ನೀವು ತೂರಿಸಬಾರದು. ಅದು ಸಲೀಸಾದ ಮೇಲೆ ಬಕಲು ಹಾಕಿ ಅನ್ನದ ತಟ್ಟೆ ಇಡಿ. ಉಂಡು ಮುಗಿಸಿದ ಕೂಡಲೆ ಬಿಚ್ಚಿ. ನಾಯಿ ಪಟ್ಟಿಯನ್ನು ಕಾಲಿನಿಂದ ಕೆರೆದುಕೊಳ್ಳುವಾಗ ಬಿಚ್ಚಬೇಡಿ, ಕೆರೆದರೆ ಹೋಗುತ್ತದೆ ಎಂದು ಕಲಿತುಬಿಡುತ್ತದೆ. ತಿನಿಸು ತೋರಿಸಿ ಗಮನ ಬದಲಿಸಿ, ಅದು ಸುಮ್ಮನಾದ ಕ್ಷಣ ಬಿಚ್ಚಿರಿ.

ಎರಡನೆಯ ವಾರ: ಮನೆಯೊಳಗೆ ಎದೆಪಟ್ಟಿಗೆ ಹಗ್ಗ ಸಿಕ್ಕಿಸಿ ನೆಲದಲ್ಲಿ ಎಳೆದುಕೊಂಡು ತಿರುಗಲು ಬಿಡಿ. ಕುರ್ಚಿ, ಮೇಜಿನ ಕಾಲಿಗೆ ಸಿಕ್ಕಿಕೊಳ್ಳದಂತೆ ಯಾರಾದರೂ ನೋಡುತ್ತಿರಬೇಕು. ಎರಡು ದಿನ ಕಳೆದು ಹಗ್ಗದ ತುದಿ ಹಿಡಿಯಿರಿ. ಈಗ ನಾಯಿ ಹೋದಲ್ಲಿಗೆ ನೀವು ಹೋಗಿ. ಆಮೇಲೆ ಹೆಸರು ಕರೆದು ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ. ನಾಯಿ ನಿಮ್ಮ ಕಡೆ ಬಂದರೆ ಮೊಣಕಾಲಿನ ಪಕ್ಕದಲ್ಲಿ, ತಗ್ಗಿ ಅದರ ಬಾಯಿಯ ಮಟ್ಟದಲ್ಲಿ ತಿನಿಸು ಕೊಡಿ. ಮೇಲಿನಿಂದ ತೋರಿಸಿದರೆ ಚಿಕ್ಕ ನಾಯಿ ಹಾರಲು ಕಲಿಯುತ್ತದೆ. ಹಾರುವ ಅಭ್ಯಾಸ ಡ್ಯಾಶ್‌ಹಂಡ್‌ನ ಉದ್ದ ಬೆನ್ನಿಗೆ ಕೆಟ್ಟದ್ದು.

ಮೂರನೆಯ ವಾರ: ಅಂಗಳಕ್ಕೆ ಇಳಿಯಿರಿ. ಇಲ್ಲಿ ಮುಖ್ಯ ಪಾಠ: ಹಗ್ಗ ಸಡಿಲವಿದ್ದರೆ ನಡೆಯುವುದು, ಬಿಗಿಯಾದರೆ ನಿಲ್ಲುವುದು. ನಾಯಿ ಎಳೆದ ಕೂಡಲೆ ತೆಂಗಿನ ಮರದಂತೆ ನಿಂತುಬಿಡಿ. ಬೈಯಬೇಡಿ, ಹಿಂದಕ್ಕೆ ಜಗ್ಗಬೇಡಿ. ಏನಾಯಿತೆಂದು ಅದು ತಿರುಗಿ ನೋಡುತ್ತದೆ, ಹಗ್ಗ ಸಡಿಲವಾಗುತ್ತದೆ. ಆ ಕ್ಷಣ "ಭೇಷ್" ಎಂದು ತಿನಿಸು ಕೊಟ್ಟು ಮುಂದೆ ನಡೆಯಿರಿ. ಮೊದಲ ದಿನ ಅಂಗಳ ದಾಟಲು ಇಪ್ಪತ್ತು ಸಲ ನಿಲ್ಲಬೇಕಾದೀತು. ನಾಲ್ಕನೆಯ ದಿನಕ್ಕೆ ಅದು ಕಡಿಮೆಯಾಗುತ್ತದೆ. ನಿಂತಷ್ಟೂ ದಿನ ಎಲ್ಲರೂ ನಿಲ್ಲಬೇಕು. ಒಬ್ಬರು ನಿಂತು ಇನ್ನೊಬ್ಬರು ಎಳೆಯಲು ಬಿಟ್ಟರೆ ಪಾಠ ನೀರಿಗೆ ಹಾಕಿದ ಹೋಮದಂತೆ.

ನಾಲ್ಕನೆಯ ವಾರ: ತೋಟದ ದಾರಿ, ಆಮೇಲೆ ಓಣಿ, ಕೊನೆಗೆ ರಸ್ತೆ. ಕೋಳಿ, ದನ, ಬೈಕು ಕಂಡರೆ ದೂರದಲ್ಲೇ ನಿಂತು ತಿನಿಸು ಕೊಡಿ. ದಿನದಿಂದ ದಿನಕ್ಕೆ ಅಂತರ ಕಡಿಮೆ ಮಾಡಿ. ನಮ್ಮ ಒಂದು ಹೆಜ್ಜೆಗೆ ಚಿಕ್ಕ ನಾಯಿ ನಾಲ್ಕೈದು ಹೆಜ್ಜೆ ಇಡಬೇಕೆಂಬುದು ನೆನಪಿರಲಿ. ನಿಧಾನ ನಡೆಯಿರಿ, ದಾರಿಯಲ್ಲಿ ಮೂಸಲು ಬಿಡಿ. ನಮಗೆ ಪತ್ರಿಕೆ ಹೇಗೋ ನಾಯಿಗೆ ಮೂಸುವುದು ಹಾಗೆ. ಮರಿಯಾದರೆ ಮರಿಯ ಲಸಿಕೆಗಳು ಮುಗಿದು ಎರಡು ವಾರ ಆಗುವ ತನಕ ಬೇರೆ ನಾಯಿಗಳು ತಿರುಗುವ ಕಡೆ ನೆಲಕ್ಕೆ ಬಿಡಬೇಡಿ. ಮನೆಯೊಳಗಿನ ಪಾಠ ಎರಡು ತಿಂಗಳಿನಿಂದಲೇ ಶುರುಮಾಡಬಹುದು.

ಇದರ ಜೊತೆಗೆ ಇನ್ನೊಂದು ಅಭ್ಯಾಸ: ದಿನಾ ಒಂದು ಸಲ ನಾಯಿಯ ಕಿವಿ, ಬಾಯಿ, ಪಾದ ಮುಟ್ಟಿ ನೋಡಿ, ಹಿಡಿದು ತಿನಿಸು ಕೊಡಿ. ಒಂದೆರಡು ಸಲ ಮೃಗಾಸ್ಪತ್ರೆಯ ಅಂಗಳದ ತನಕ ನಡೆಸಿ, ಸೂಜಿಯಿಲ್ಲದೆ, ತಿನಿಸು ಕೊಟ್ಟು ವಾಪಸು ಕರೆತನ್ನಿ. ಲಸಿಕೆಯ ದಿನ ಡಾಕ್ಟರರಿಗೂ ನಿಮಗೂ ಕಷ್ಟವಿರುವುದಿಲ್ಲ.

ಬರುವ ತೊಂದರೆಗಳು

ನಾಯಿ ನೆಲಕ್ಕೆ ಅಂಟಿ ಕುಳಿತರೆ: ಎಳೆಯಬೇಡಿ. ಅದು ಹಟವಲ್ಲ, ಹೆದರಿಕೆ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕುಳಿತು ಕರೆಯಿರಿ. ಒಂದು ಹೆಜ್ಜೆ ಬಂದರೂ ಬಹುಮಾನ ಕೊಡಿ. ಆ ದಿನಕ್ಕೆ ಪಾಠ ಸಾಕು.

ಹಗ್ಗ ಕಚ್ಚಿದರೆ: ಕಸಿದುಕೊಳ್ಳಬೇಡಿ, ಅದಕ್ಕೆ ಆಟವಾಗುತ್ತದೆ. ಸುಮ್ಮನೆ ನಿಂತು, ಬಿಟ್ಟ ಮೇಲೆ ನಡೆಯಿರಿ.

ದೊಡ್ಡ ನಾಯಿ ಎದುರು ಬಂದರೆ: ಓಡಬೇಡಿ, ಕಿರುಚಬೇಡಿ. ಅದು ಹತ್ತಿರ ಬರುವ ಮೊದಲೇ ದಾರಿ ಬದಲಿಸಿ. ಬಂದೇ ಬಿಟ್ಟರೆ ಕೊಡೆ ಬಿಡಿಸಿ ಅಡ್ಡ ಹಿಡಿದು ನಿಧಾನ ಹಿಂದೆ ಸರಿಯಿರಿ. ನಿಮ್ಮ ನಾಯಿಯನ್ನು ಎತ್ತುವುದಾದರೆ ಬೇಗ ಎತ್ತಿ, ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗದ ಕೆಳಗೆ ಇರಲಿ. ಹಗ್ಗದಿಂದ ಗಾಳಿಯಲ್ಲಿ ಎತ್ತಬಾರದು.

ವಯಸ್ಸಾದವರು ನಡೆಸುವಾಗ: ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಐದಾರು ಕಿಲೋದ ನಾಯಿಯೂ ಹಠಾತ್ತನೆ ಬೆಕ್ಕಿನ ಹಿಂದೆ ಹಾರಿದರೆ ಅಥವಾ ಕಾಲಿಗೆ ಹಗ್ಗ ಸುತ್ತಿದರೆ ಬಿದ್ದು ಸೊಂಟದ ಮೂಳೆ ಮುರಿಯಬಹುದು. ಮಳೆಗಾಲದಲ್ಲಿ ಹಾವಸೆ ಹಿಡಿದ ಅಂಗಳ, ಮುರಕಲ್ಲಿನ ಮೆಟ್ಟಿಲುಗಳಲ್ಲಿ ಇನ್ನೂ ಜಾಗ್ರತೆ ಬೇಕು.

ನಮ್ಮ ಊರಿನಲ್ಲಿ ವಿಶೇಷವಾಗಿ ನೋಡಬೇಕಾದದ್ದು

ಫೆಬ್ರವರಿಯಿಂದ ಮೇ ತನಕ ಬೆಳಗ್ಗೆ ಎಂಟರೊಳಗೆ ಅಥವಾ ಬಿಸಿಲು ಇಳಿದ ಮೇಲೆ ನಡೆಸಿ. ಡಾಮರಿನ ಮೇಲೆ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಪಗ್ ಜಾತಿಗೆ ಸೆಕೆ ಪ್ರಾಣಾಪಾಯ ತರಬಲ್ಲದು.

ಅಡಿಕೆಗೆ ಮದ್ದು ಬಿಡುವ ದಿನ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಮೈಲುತುತ್ತಿನ ದ್ರಾವಣ ಚೆಲ್ಲಿದ ನೀರನ್ನು, ಮೈಮೇಲೆ ಬಿದ್ದದ್ದನ್ನು ನೆಕ್ಕಿದರೆ ವಾಂತಿ, ಭೇದಿಯಾಗಿ ಹೊಟ್ಟೆ ಕೆಡುತ್ತದೆ. ಇಲಿಪಾಷಾಣ ಇಟ್ಟ ಕಡೆಯೂ ಹೀಗೆಯೇ. ತರಗೆಲೆ ರಾಶಿಯಲ್ಲಿ ಕೊಳಕುಮಂಡಲ ಹಾವು ಇರಬಹುದು. ಚಿಕ್ಕ ನಾಯಿಯ ಮೂತಿ ಮೊದಲು ಹೋಗುವುದು ಅಲ್ಲಿಗೇ. ಹಗ್ಗವಿದ್ದರೆ ದಾರಿಯಲ್ಲೇ ಇರಿಸಬಹುದು. ಮಳೆಗಾಲದಲ್ಲಿ ಮನೆಗೆ ಬಂದ ಮೇಲೆ ಪಟ್ಟಿ ಬಿಚ್ಚಿ ಒಣಗಿಸಿ, ಕಂಕುಳು, ಕಿವಿ, ಬೆರಳ ಸಂದಿಗಳಲ್ಲಿ ಉಣ್ಣಿ ಇದೆಯೋ ನೋಡಿ. ಒದ್ದೆ ಪಟ್ಟಿ ಮೈಮೇಲೆಯೇ ಇದ್ದರೆ ಕಜ್ಜಿಯಾಗುತ್ತದೆ.

ಚಿರತೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮುಳಿಯಾರು, ಕಾರಡ್ಕ ಕಡೆಯ ಕಾಡಂಚಿನ ಮನೆಗಳಿಂದ ಸಾಕುನಾಯಿಗಳು ಹೋದದ್ದನ್ನು ಕೇಳಿದ್ದೇವೆ. 2025ರ ಫೆಬ್ರವರಿಯಲ್ಲಿ ಕೊಳತ್ತೂರಿನಲ್ಲಿ ಅರಣ್ಯ ಇಲಾಖೆಯ ಬೋನಿಗೆ ಚಿರತೆ ಬಿದ್ದದ್ದೂ ಗೊತ್ತು. ರಾತ್ರಿ ಅಂಗಳದಲ್ಲಿ ಚೈನು ಹಾಕಿ ಕಟ್ಟಿದ ನಾಯಿ ಓಡಲಾರದು, ಅದು ಚಿರತೆಗೆ ಇಟ್ಟ ತುತ್ತು. ಸಂಜೆಗತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ಕಾಡಿನ ಬದಿಯ ದಾರಿಯಲ್ಲಿ ನಾಯಿಯನ್ನು ನಡೆಸಬಾರದು. ರಾತ್ರಿ ಅದನ್ನು ಮನೆಯೊಳಗೆ ಅಥವಾ ಮೇಲ್ಭಾಗವೂ ಮುಚ್ಚಿದ ಗಟ್ಟಿ ಗೂಡಿನೊಳಗೆ ಸೇರಿಸಿ.

ಲಸಿಕೆ, ಲೈಸೆನ್ಸು, ಕಡಿತ

ನಾಯಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಮೊದಲ ಲಸಿಕೆ, ಆಮೇಲೆ ಡಾಕ್ಟರರು ಹೇಳಿದಂತೆ ಮರು ಲಸಿಕೆ, ಮತ್ತೆ ವರ್ಷ ವರ್ಷ. ಕೇರಳದಲ್ಲಿ 1998ರ ಪಂಚಾಯತ್ ನಿಯಮದಂತೆ ನಾಯಿ ಸಾಕಲು ಗ್ರಾಮ ಪಂಚಾಯತಿನ ಲೈಸೆನ್ಸು ಬೇಕು. ಅದಕ್ಕೆ ಲಸಿಕೆಯ ಸರ್ಟಿಫಿಕೇಟು ಬೇಕು. 2022ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸರಕಾರ ರಾಜ್ಯವಿಡೀ ನಾಯಿಗಳಿಗೆ ಲಸಿಕೆ ಹಾಕುವ ತೀವ್ರ ಕಾರ್ಯಕ್ರಮ ನಡೆಸಿತ್ತು. ಶಿಬಿರ ಎಷ್ಟು ನಡೆದರೂ ನಾಯಿಯನ್ನು ಅಲ್ಲಿಗೆ ತರುವ ಕೆಲಸ ಮನೆಯವರದೇ.

ಇಷ್ಟೆಲ್ಲ ಮಾಡಿಯೂ ಯಾರಿಗಾದರೂ ನಾಯಿ ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ, ಕೂಡಲೆ ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆ ಸೊನ್ನೆಯ ದಿನ, 3, 7 ಮತ್ತು 28ನೆಯ ದಿನಗಳಲ್ಲಿ, ಒಂದನ್ನೂ ಬಿಡಬಾರದು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಮದ್ದೂ ಬೇಕು, ಅದನ್ನು ಕೇಳಿ ತಿಳಿದುಕೊಳ್ಳಿ. ಮರಿ ಕಚ್ಚಿದ್ದು, ಮನೆ ನಾಯಿ ಕಚ್ಚಿದ್ದು ಎಂದು ಸುಮ್ಮನಿರಬೇಡಿ. ಬೈಗುಳಕ್ಕೆ ಹೆದರಿ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಎಂದು ಅವರಿಗೆ ಮೊದಲೇ ಹೇಳಿಡಿ.

1885ರಲ್ಲಿ ಫ್ರಾನ್ಸಿನ ಲೂಯಿ ಪಾಸ್ಚರ್ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿಗೆ ಈ ರೋಗದ ಲಸಿಕೆ ಕೊಟ್ಟರು, ಬಾಲಕ ಬದುಕಿದ. ಪಾಸ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನೇ ಈಗ ಲೋಕವೆಲ್ಲ ರೇಬೀಸ್ ದಿನವೆಂದು ಆಚರಿಸುತ್ತದೆ. ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಇಂದಿಗೂ ಬದುಕಿಸುವ ಮದ್ದಿಲ್ಲ. ಅದಕ್ಕೆ ಮೊದಲು ತಡೆಯುವ ಮದ್ದು ಮಾತ್ರ ನಮ್ಮ ಹತ್ತಿರದಲ್ಲೇ ಇದೆ.

ನೆನಪಿಡಿ

1. ಹಗ್ಗ ಎದೆಪಟ್ಟಿಗೆ, ಕೊರಳಿಗಲ್ಲ. ಪಟ್ಟಿಯ ಕೆಳಗೆ ಎರಡು ಬೆರಳಿನ ಜಾಗವಿರಲಿ.
2. ಐದು ನಿಮಿಷದ ಪಾಠ, ದಿನಕ್ಕೆ ಎರಡು ಮೂರು ಸಲ.
3. ಸಡಿಲವಿದ್ದರೆ ನಡೆ, ಬಿಗಿಯಾದರೆ ನಿಲ್ಲು. ಇದು ಮನೆಯವರಿಗೆಲ್ಲ ಒಂದೇ ನಿಯಮ.
4. ಪೆಟ್ಟು ಬೇಡ, ಎಳೆತ ಬೇಡ, ಬಹುಮಾನ ಇರಲಿ.
5. ರಾತ್ರಿ ಹೊರಗೆ ಕಟ್ಟಬೇಡಿ.
6. ಪಳಗಿದ ಮೇಲೆ ಮೊದಲ ದೊಡ್ಡ ನಡಿಗೆ ಮೃಗಾಸ್ಪತ್ರೆಗೆ, ಲಸಿಕೆಗೆ.

ನಾಯಿಯ ಬಾಲ ಡೊಂಕೇ ಇರಲಿ, ಅದನ್ನು ನೇರ ಮಾಡುವ ಅಗತ್ಯ ಯಾರಿಗೂ ಇಲ್ಲ. ಅದರ ನಡಿಗೆಯನ್ನು ನಾಲ್ಕು ವಾರಗಳಲ್ಲಿ ತಿದ್ದಬಹುದು. ಇಂದು ಸಂಜೆಯೇ ಎದೆಯ ಅಳತೆ ತೆಗೆದು ಚೀಟಿಯಲ್ಲಿ ಬರೆದಿಡಿ. ಪೇಟೆಗೆ ಹೋಗುವವರ ಕೈಯಲ್ಲಿ ಕೊಟ್ಟುಕಳುಹಿಸಿ.